ವಾಂತಿ-ಭೇದಿ: ಚಮಚ ಹಿಡಿದು ಕೂರುವ ರಾತ್ರಿ

ರಾತ್ರಿ ಒಂದೂವರೆಗೆ ತಂಗಿಯ ಫೋನ್. "ಅಕ್ಕಾ, ಪುಟ್ಟ ಸಂಜೆಯಿಂದ ಐದು ಸಲ ವಾಂತಿ ಮಾಡ್ದ. ಈಗ ನೀರು ನೀರಾಗಿ ಹೋಗೋಕೆ ಶುರುವಾಗಿದೆ. ಕುಡಿಸಿದ್ದೆಲ್ಲ ವಾಪಸ್ ಬರ್ತಿದೆ. ಬೆಳಗಿನ ತನಕ ಏನೂ ಕೊಡ್ದೆ ಹೊಟ್ಟೆ ಖಾಲಿ ಬಿಟ್ಬಿಡ್ಲಾ?"

ಮಗುವಿಗೆ 14 ತಿಂಗಳು. ಮೈ ಸ್ವಲ್ಪ ಬಿಸಿಯಿತ್ತು. ಆ ಮನೆಯ ಔಷಧದ ಡಬ್ಬಿಯಲ್ಲಿ ಜ್ವರದ ಸಿರಪ್ಪೇ ಮೂರು ಬಗೆಯದಿತ್ತು, ಒಆರ್‌ಎಸ್ ಪೊಟ್ಟಣ ಒಂದೂ ಇರಲಿಲ್ಲ. ಅಷ್ಟರಲ್ಲಿ ಅವಳ ಅತ್ತೆ ದೃಷ್ಟಿ ತೆಗೆದು ಮೆಣಸಿನಕಾಯಿ ಸುಟ್ಟಾಗಿತ್ತು. ಅದರಿಂದ ಮಗುವಿಗೆ ನಷ್ಟವೇನೂ ಇಲ್ಲ. ನಷ್ಟವಾಗುವುದು ತಂಗಿ ಕೇಳಿದ ಪ್ರಶ್ನೆಗೆ "ಹೂಂ, ಖಾಲಿ ಬಿಡು" ಎಂದು ಯಾರಾದರೂ ಹೇಳಿದರೆ.

ಚಿಕ್ಕ ಮಕ್ಕಳಿರುವ ಮನೆಗೆ ಇಂಥ ರಾತ್ರಿ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಆಗ ಏನು ಮಾಡಬೇಕು, ಯಾಕೆ ಮಾಡಬೇಕು ಎಂಬುದನ್ನು ಈಗಲೇ ಓದಿಟ್ಟುಕೊಳ್ಳಿ. ಅಳುವ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಮೊಬೈಲ್‌ನಲ್ಲಿ ಹುಡುಕುವ ಹೊತ್ತಲ್ಲ ಅದು.

ಇದು ತಿಂದದ್ದರ ತಪ್ಪೇ?

"ನಿನ್ನೆ ಮದುವೆ ಮನೇಲಿ ಏನೋ ತಿನ್ಸಿದ್ರು", "ಹಲ್ಲು ಬರ್ತಿದೆ, ಅದಕ್ಕೆ", "ಉಷ್ಣ ಆಗಿದೆ". ಮನೆಯಲ್ಲಿ ಮೊದಲು ಹುಟ್ಟುವ ಕಾರಣಗಳು ಇವೇ. ಐದು ವರ್ಷದೊಳಗಿನ ಮಕ್ಕಳಲ್ಲಿ ಇದ್ದಕ್ಕಿದ್ದಂತೆ ಶುರುವಾಗುವ, ರಕ್ತವಿಲ್ಲದ, ನೀರಿನಂಥ ಭೇದಿಗೆ ಬಹಳ ಸಲ ಕಾರಣ ವೈರಸ್. ಹಲ್ಲು ಬರುವ ವಯಸ್ಸಿನಲ್ಲಿ ಮಗು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದಲ್ಲ, ವೈರಸ್ ಒಳಗೆ ಹೋಗುವ ದಾರಿ ಅದು. ಹಲ್ಲಿನ ಮೇಲೆ ಸುಮ್ಮನೆ ಅಪವಾದ.

ಈ ವೈರಸ್‌ಗಳಲ್ಲಿ ಹಿರಿಯಣ್ಣ ರೋಟಾವೈರಸ್. 1973ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ರೂತ್ ಬಿಷಪ್ ಮತ್ತು ಸಂಗಡಿಗರು ಭೇದಿಯಾಗಿದ್ದ ಮಕ್ಕಳ ಕರುಳಿನ ಚೂರನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಇದು ಕಣ್ಣಿಗೆ ಬಿತ್ತು. ಆಕಾರ ಗಾಡಿಯ ಚಕ್ರದಂತೆ. ಲ್ಯಾಟಿನ್‌ನಲ್ಲಿ 'ರೋಟಾ' ಎಂದರೆ ಚಕ್ರ. ಸಾಮಾನ್ಯವಾಗಿ ಜ್ವರ ಮತ್ತು ವಾಂತಿಯಿಂದ ಶುರುವಾಗಿ, ಆಮೇಲೆ ಭೇದಿಗೆ ಇಳಿದು, ಮೂರರಿಂದ ಎಂಟು ದಿನ ಕಾಡುತ್ತದೆ. ಎರಡನೆಯದು ನೊರೋವೈರಸ್. 1968ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ನಾರ್ವಾಕ್ ಊರಿನ ಶಾಲೆಯೊಂದರಲ್ಲಿ ಮಕ್ಕಳೂ ಮೇಷ್ಟರುಗಳೂ ಸಾಲಾಗಿ ವಾಂತಿ ಮಾಡಿಕೊಂಡಾಗಿನಿಂದ ಅದಕ್ಕೆ ಆ ಊರಿನ ಹೆಸರು ಅಂಟಿದೆ. ಇದರಲ್ಲಿ ವಾಂತಿಯದೇ ಜೋರು. ಒಂದರಿಂದ ಮೂರು ದಿನದಲ್ಲಿ ಇಳಿಯುತ್ತದೆ, ಆದರೆ ದೊಡ್ಡವರನ್ನೂ ಬಿಡುವುದಿಲ್ಲ. ಅಡೆನೊವೈರಸ್‌ನ 40 ಮತ್ತು 41ನೇ ಬಗೆಗಳದ್ದು ಸ್ವಲ್ಪ ಎಳೆದಾಡುವ ಸ್ವಭಾವ, ಭೇದಿ ವಾರ ದಾಟಬಹುದು. ಆಸ್ಟ್ರೋವೈರಸ್, ಸಪೋವೈರಸ್‌ಗಳು ಸಾಮಾನ್ಯವಾಗಿ ಸೌಮ್ಯ.

ಹೆಸರು ತಿಳಿದು ಮನೆಯಲ್ಲಿ ಮಾಡಬೇಕಾದ್ದೇನೂ ಬದಲಾಗುವುದಿಲ್ಲ. ಎಲ್ಲದಕ್ಕೂ ಉಪಚಾರ ಒಂದೇ. ಅದಕ್ಕೇ ಡಾಕ್ಟರು ಮಲ ಪರೀಕ್ಷೆ ಬರೆಯದಿದ್ದರೆ "ಟೆಸ್ಟೇ ಮಾಡಿಸ್ಲಿಲ್ಲ" ಎಂದು ಬೇಸರಪಡಬೇಡಿ.

ಕರುಳಿನಲ್ಲಿ ಏನಾಗುತ್ತದೆ?

ಸಣ್ಣ ಕರುಳಿನ ಒಳಮೈ ಮಖಮಲ್ಲಿನ ಹಾಗೆ. ಅದರ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಕುಚ್ಚುಗಳಿವೆ. ಆಹಾರವನ್ನೂ ನೀರನ್ನೂ ಹೀರುವುದು ಆ ಕುಚ್ಚುಗಳ ತುದಿಯ ಜೀವಕೋಶಗಳು. ರೋಟಾವೈರಸ್ ಹೊಕ್ಕು ಹಾಳು ಮಾಡುವುದು ಸರಿಯಾಗಿ ಆ ತುದಿಯನ್ನೇ. ಹೀರುವವರಿಲ್ಲದೆ ನೀರು ಕೆಳಗೆ ಹರಿದುಹೋಗುತ್ತದೆ. ಸಾಲದ್ದಕ್ಕೆ ಈ ವೈರಸ್ ತಯಾರಿಸುವ ಒಂದು ಪ್ರೋಟೀನು ವಿಷದಂತೆ ವರ್ತಿಸಿ ಕರುಳೇ ನೀರು ಸುರಿಸುವಂತೆ ಮಾಡುತ್ತದೆ.

ಸಮಾಧಾನದ ಸಂಗತಿ ಏನೆಂದರೆ ಕುಚ್ಚಿನ ಬುಡದಿಂದ ಹೊಸ ಜೀವಕೋಶಗಳು ಏಳುತ್ತಲೇ ಇರುತ್ತವೆ. ಕೆಲವೇ ದಿನಗಳಲ್ಲಿ ತುದಿ ಮತ್ತೆ ಚಿಗುರುತ್ತದೆ, ಭೇದಿ ತಾನಾಗಿ ನಿಲ್ಲುತ್ತದೆ. ಅಲ್ಲಿಯ ತನಕ ಮಗುವಿನ ಮೈಯಿಂದ ಹೋದ ನೀರು, ಉಪ್ಪು ವಾಪಸ್ ಹೋಗುತ್ತಿರಬೇಕು. ನಿಮ್ಮ ಕೆಲಸ ಇಷ್ಟೇ, ಇದೇ ದೊಡ್ಡ ಕೆಲಸ. ಮಕ್ಕಳು ಸಾಯುವುದು ವೈರಸ್ಸಿನಿಂದ ಅನ್ನುವುದಕ್ಕಿಂತ ನೀರಾರಿ ಸಾಯುತ್ತಾರೆ ಅನ್ನುವುದು ಸರಿ.

ಕುಡಿಸಿದ್ದೆಲ್ಲ ಹೊರಗೆ ಹೋಗುವಾಗ ಕುಡಿಸಿ ಏನು ಪ್ರಯೋಜನ? ಇಲ್ಲೇ ಇರುವುದು ಸ್ವಾರಸ್ಯ. ಉಳಿದ ಜೀವಕೋಶಗಳಲ್ಲಿ ಒಂದು ಬಾಗಿಲು ಕಾಯಿಲೆಯಲ್ಲೂ ಕೆಲಸ ಮಾಡುತ್ತಿರುತ್ತದೆ. ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಬಂದರೆ ಆ ಬಾಗಿಲು ತೆರೆಯುತ್ತದೆ, ಅವುಗಳ ಬೆನ್ನಿಗೇ ನೀರೂ ಒಳಗೆ ಹೋಗುತ್ತದೆ. ಬರೀ ನೀರಿಗೆ ಈ ದಾರಿ ಸಿಗದು. ಸಕ್ಕರೆ ಅತಿಯಾದರೆ ಕತೆ ಉಲ್ಟಾ: ಅದು ಮೈಯ ನೀರನ್ನೇ ಕರುಳಿಗೆ ಎಳೆದು ಭೇದಿ ಹೆಚ್ಚಿಸುತ್ತದೆ. ಒಆರ್‌ಎಸ್‌ನ ಗುಟ್ಟು ಈ ಅಳತೆಯಲ್ಲಿದೆ. ಈಗಿನ ಸೂತ್ರ 2002ರದ್ದು: 1 ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್.

1971ರ ಬಾಂಗ್ಲಾ ಯುದ್ಧದ ಹೊತ್ತಿನಲ್ಲಿ ಬಂಗಾಳದ ಬಂಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ಡ್ರಿಪ್ ಬಾಟಲಿಗಳು ಮುಗಿದುಹೋದವು. ಡಾ. ದಿಲೀಪ್ ಮಹಾಲನಬಿಸ್ ಡ್ರಮ್ಮುಗಳಲ್ಲಿ ಉಪ್ಪು-ಗ್ಲೂಕೋಸ್ ನೀರು ತುಂಬಿಸಿಟ್ಟು, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ 30ರ ಆಸುಪಾಸಿನಲ್ಲಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಬೆರೆಸಿ ಕುಡಿಸಿದವರು ನರ್ಸುಗಳಲ್ಲ, ಅಮ್ಮಂದಿರು, ಅಣ್ಣಂದಿರು. ಅಂದಮೇಲೆ ನಿಮ್ಮ ಕೈಯಲ್ಲೂ ಆಗುತ್ತದೆ.

ಮನೆಯಲ್ಲಿ ಮಾಡಬೇಕಾದ್ದು

1. ನೀರು ಅಳೆಯಿರಿ. ಪೊಟ್ಟಣದ ಮೇಲೆ 1 ಲೀಟರಿಗೋ 200 ಎಂ.ಎಲ್.ಗೋ ಎಂದು ಬರೆದಿರುತ್ತದೆ. ಕುದಿಸಿ ಆರಿಸಿದ ಅಷ್ಟೇ ನೀರಿಗೆ ಇಡೀ ಪೊಟ್ಟಣ ಸುರಿಯಿರಿ. "ಒಂದು ಲೋಟ ಅಂದ್ರೆ 200" ಎಂದು ಅಂದಾಜು ಹಾಕಬೇಡಿ. ನಮ್ಮ ಮನೆಯ ಸ್ಟೀಲ್ ಲೋಟವನ್ನು ಒಮ್ಮೆ ಅಳೆದು ನೋಡಿದೆ; ಲೀಟರ್ ಬಾಟಲಿಯಿಂದ ಐದು ಲೋಟ ಆಗಬೇಕಿತ್ತು, ಆರು ಆಯಿತು. ಖಾಲಿ ನೀರಿನ ಬಾಟಲಿಯೇ ಒಳ್ಳೆಯ ಅಳತೆ. ಬೆರೆಸಿದ್ದು 24 ಗಂಟೆಗೆ ಮಾತ್ರ, ಉಳಿದದ್ದನ್ನು ಚೆಲ್ಲಿ.

2. ಚಮಚದಲ್ಲಿ ಕೊಡಿ. ವಾಂತಿಯಾಗುವ ಮಗುವಿಗೆ ಲೋಟ, ಫೀಡಿಂಗ್ ಬಾಟಲಿ ಬೇಡ. ಬಾಯಾರಿದ ಮಗು ಗಟಗಟ ಕುಡಿಯುತ್ತದೆ, ಹೊಟ್ಟೆ ಹಿಗ್ಗಿ ಎಲ್ಲ ಹೊರಗೆ ಬರುತ್ತದೆ. 5 ಎಂ.ಎಲ್.ನ ಒಂದು ಟೀ ಚಮಚ, ಎರಡು ನಿಮಿಷಕ್ಕೊಮ್ಮೆ. ಇಷ್ಟೇನಾ ಅನ್ನಿಸುತ್ತದೆ. ಲೆಕ್ಕ ಹಾಕಿ: ಗಂಟೆಗೆ 150 ಎಂ.ಎಲ್. ಆಯಿತು. ನಿಮಿಷಕ್ಕೊಂದು ಚಮಚವಾದರೆ 300. ನೀರಾರಿದ 10 ಕೆ.ಜಿ. ಮಗುವಿಗೆ ಆಸ್ಪತ್ರೆಯಲ್ಲಿ ನಾಲ್ಕು ಗಂಟೆಯಲ್ಲಿ ಕುಡಿಸುವುದು ಸುಮಾರು 750 ಎಂ.ಎಲ್. ಚಮಚದ ಓಟ ಅದಕ್ಕೆ ಸರಿಸಮ.

3. ವಾಂತಿಯಾದರೆ ಹತ್ತು ನಿಮಿಷ ಸುಮ್ಮನಿರಿ. ಆಮೇಲೆ ಮತ್ತೆ ಶುರು ಮಾಡಿ, ಇನ್ನೂ ನಿಧಾನವಾಗಿ. ವಾಂತಿ ಆಯಿತೆಂದರೆ ಕೊಟ್ಟದ್ದೆಲ್ಲ ಹೋಯಿತೆಂದಲ್ಲ, ಒಂದಷ್ಟು ಒಳಗೆ ಇಳಿದಿರುತ್ತದೆ.

4. ವಾಂತಿ ನಿಂತ ಮೇಲೆ ಪ್ರತಿ ಭೇದಿಗೂ ಲೆಕ್ಕ ಇಡಿ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಎಂ.ಎಲ್., ಅದಕ್ಕಿಂತ ದೊಡ್ಡವರಿಗೆ 100ರಿಂದ 200 ಎಂ.ಎಲ್. ಎರಡು ತಿಂಗಳೊಳಗಿನ ಕೂಸಾದರೆ ಎದೆಹಾಲು ಕೊಡುತ್ತ ಕೂಡಲೇ ಡಾಕ್ಟರ ಹತ್ತಿರ ಹೊರಡಿ.

5. ಎದೆಹಾಲು ನಿಲ್ಲಿಸಬೇಡಿ, ಇನ್ನೂ ಹೆಚ್ಚು ಸಲ ಕೊಡಿ.

6. ಊಟ ಕೊಡಿ. ವಾಂತಿ ತಗ್ಗಿದ ಕೂಡಲೇ ಗಂಜಿ, ಮೆತ್ತಗೆ ಕಿವುಚಿದ ಮೊಸರನ್ನ, ಬೇಳೆಕಟ್ಟು ಕಲಸಿದ ಅನ್ನ, ಇಡ್ಲಿ, ಏಲಕ್ಕಿ ಬಾಳೆಹಣ್ಣು, ದಿನಾ ತಿನ್ನುವ ರಾಗಿ ಸರಿ. ಸ್ವಲ್ಪ ಸ್ವಲ್ಪ, ಹಲವು ಸಲ. ಕರುಳಿನ ಕುಚ್ಚು ಚಿಗುರಬೇಕಾದರೆ ಅದಕ್ಕೂ ಅನ್ನ ಬೇಕು.

7. ಜಿಂಕ್ ಮಾತ್ರೆ 14 ದಿನ. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿ.ಗ್ರಾಂ., ಎರಡರಿಂದ ಆರು ತಿಂಗಳಿನವರಿಗೆ 10 ಮಿ.ಗ್ರಾಂ., ಅಂದರೆ ಅರ್ಧ ಮಾತ್ರೆ. ಚಮಚ ನೀರಿನಲ್ಲೋ ಎದೆಹಾಲಿನಲ್ಲೋ ಕರಗುತ್ತದೆ. ಭೇದಿ ಮೂರನೇ ದಿನಕ್ಕೆ ನಿಂತರೂ ಹದಿನಾಲ್ಕೂ ದಿನ ಕೊಡಿ. ಮುಂದಿನ ಎರಡು-ಮೂರು ತಿಂಗಳು ಮತ್ತೆ ಭೇದಿಯಾಗುವ ಸಂಭವ ತಗ್ಗುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಆಶಾ ಕಾರ್ಯಕರ್ತೆಯರ ಹತ್ತಿರ ಒಆರ್‌ಎಸ್ ಜೊತೆಗೇ ಇದೂ ಸಿಗುತ್ತದೆ.

ಪೊಟ್ಟಣ ಇಲ್ಲದ ರಾತ್ರಿಗೆ: 1 ಲೀಟರ್ ನೀರಿಗೆ ತಲೆ ಸವರಿದ 6 ಟೀ ಚಮಚ ಸಕ್ಕರೆ, ತಲೆ ಸವರಿದ ಅರ್ಧ ಟೀ ಚಮಚ ಉಪ್ಪು. ಬಾಯಿಗೆ ಹಾಕಿ ನೋಡಿ, ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ ಮತ್ತೆ ಮಾಡಿ. ಇದು ಬೆಳಗಾಗುವ ತನಕದ ಏರ್ಪಾಡು. ಅಂಗಡಿ ತೆರೆದ ಕೂಡಲೇ ಪೊಟ್ಟಣ ತನ್ನಿ. ತಂಗಿ ಅವತ್ತು ಮಾಡಿದ್ದು ಇದನ್ನೇ. ಚಮಚ ಹಿಡಿದು ಅವಳೊಂದು ಗಂಟೆ, ಗಂಡ ಒಂದು ಗಂಟೆ. ನಾಲ್ಕೂವರೆಗೆ ಮೆಸೇಜ್ ಬಂತು: "ಉಚ್ಚೆ ಮಾಡ್ದ!" ಅಷ್ಟು ಸಂಭ್ರಮದ ಸುದ್ದಿ ಆ ಮನೆಯಿಂದ ಅವನು ಹುಟ್ಟಿದ ದಿನ ಬಂದಿತ್ತು, ಬಿಟ್ಟರೆ ಅವತ್ತೇ.

ಸಾಮಾನ್ಯವಾಗಿ ಆಗುವ ತಪ್ಪುಗಳು

ನೀರು ಕೊಟ್ಟರೆ ಭೇದಿ ಹೆಚ್ಚುತ್ತದೆ ಎಂದು ನಿಲ್ಲಿಸುವುದು. ಒಆರ್‌ಎಸ್ ಕುಡಿಸಿದ ಮೇಲೂ ಭೇದಿ ಆಗುತ್ತಲೇ ಇರುತ್ತದೆ, ನಿಜ. ಅದು ಭೇದಿ ನಿಲ್ಲಿಸುವ ಔಷಧವೇ ಅಲ್ಲ. "ಎರಡು ಪ್ಯಾಕೆಟ್ ಕುಡಿಸಿದ್ವಿ, ಏನೂ ಉಪಯೋಗ ಆಗ್ಲಿಲ್ಲ" ಎನ್ನುವವರು ಎಣಿಸುತ್ತಿರುವುದು ಭೇದಿಯನ್ನು. ಎಣಿಸಬೇಕಾದ್ದು ಉಚ್ಚೆಯನ್ನು.

ಪುಡಿಯನ್ನು ಚಿಟಿಕೆ ಚಿಟಿಕೆ ಬೆರೆಸುವುದು. ಉಳಿಸುವ ಬುದ್ಧಿಯಿಂದ ಪೊಟ್ಟಣಕ್ಕೆ ಕ್ಲಿಪ್ ಹಾಕಿಟ್ಟು ಲೋಟಕ್ಕೆ ಒಂದು ಚಮಚ ಹಾಕುವವರಿದ್ದಾರೆ. ಪುಡಿಯೊಳಗೆ ಉಪ್ಪು, ಗ್ಲೂಕೋಸ್ ಸಮನಾಗಿ ಬೆರೆತಿರುತ್ತವೆ ಎನ್ನುವ ಹಾಗಿಲ್ಲ. ತೆಳ್ಳಗಾದರೆ ಕೆಲಸಕ್ಕೆ ಬಾರದು. ಗಟ್ಟಿಯಾದರೆ ಅಪಾಯ: ರಕ್ತದಲ್ಲಿ ಸೋಡಿಯಂ ಏರಿ ಮಗುವಿಗೆ ಫಿಟ್ಸ್ ಬರಬಹುದು.

ಟೆಟ್ರಾ ಪ್ಯಾಕ್‌ನ ಸಿಹಿ ಪಾನೀಯವನ್ನು ಒಆರ್‌ಎಸ್ ಎಂದು ನಂಬುವುದು. ಮೆಡಿಕಲ್ ಶಾಪ್‌ನಲ್ಲೇ, ಒಆರ್‌ಎಸ್ ಪೊಟ್ಟಣದ ಪಕ್ಕದಲ್ಲೇ, ಮಾವು-ಸೇಬಿನ ಚಿತ್ರದೊಂದಿಗೆ ಅವು ಕುಳಿತಿರುತ್ತಿದ್ದವು. ಸಕ್ಕರೆ ಅತಿ, ಉಪ್ಪು ಕಮ್ಮಿ. ಹೈದರಾಬಾದಿನ ಮಕ್ಕಳ ವೈದ್ಯೆಯೊಬ್ಬರು ವರ್ಷಗಟ್ಟಲೆ ಇದರ ವಿರುದ್ಧ ಹೋರಾಡಿದರು. 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ, ಇಂಥ ಪಾನೀಯಗಳ ಹೆಸರಿನಲ್ಲಿ 'ಒಆರ್‌ಎಸ್' ಎಂಬ ಪದ ಇರಕೂಡದು ಎಂದು ಆದೇಶಿಸಿತು. ಆದರೂ ಕೊಳ್ಳುವಾಗ 'ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ' ಎಂದು ಬರೆದಿದೆಯೇ ಎಂದು ತಿರುಗಿಸಿ ನೋಡಿ. ಕೋಲಾ, ಜ್ಯೂಸ್, ಗ್ಲೂಕೋಸ್ ಪುಡಿಯ ನೀರು, ಇವಕ್ಕೂ ಇದೇ ಮಾತು: ಸಕ್ಕರೆ ಅತಿ, ಉಪ್ಪು ಕಮ್ಮಿ. ಎಳನೀರು, ಉಪ್ಪು ಹಾಕಿದ ನೀರು ಮಜ್ಜಿಗೆ, ಅಕ್ಕಿ ಗಂಜಿಯ ತಿಳಿ ಒಳ್ಳೆಯವೇ. ಒಆರ್‌ಎಸ್ ಜೊತೆಗೆ ಕೊಡಿ, ಅದರ ಬದಲಿಗೆ ಬೇಡ.

ಆಂಟಿಬಯಾಟಿಕ್ ಕೇಳಿ ಬರೆಸಿಕೊಳ್ಳುವುದು. ಆಂಟಿಬಯಾಟಿಕ್ ಬ್ಯಾಕ್ಟೀರಿಯಾಕ್ಕೆ. ವೈರಸ್ಸಿಗೆ ಅದರಿಂದ ಏನೂ ಆಗದು. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಭೇದಿ ಇನ್ನಷ್ಟು ಎಳೆಯಬಹುದು. ಹೋದ ಸಲದ್ದು ಅರ್ಧ ಬಾಟಲಿ ಫ್ರಿಜ್ಜಿನಲ್ಲಿದೆ ಎಂದು ಕೊಡುವುದಂತೂ ಕೂಡದು.

ಭೇದಿ ಕಟ್ಟಿಸುವ ಮಾತ್ರೆ. ದೊಡ್ಡವರು ಬಸ್ ಪ್ರಯಾಣಕ್ಕೆ ಮುಂಚೆ ನುಂಗುವ ಲೋಪೆರಮೈಡ್‌ನಂಥ ಮಾತ್ರೆಯ ಚೂರನ್ನು ಚಿಕ್ಕ ಮಕ್ಕಳಿಗೆ ಕೊಟ್ಟರೆ ಕರುಳಿನ ಚಲನೆಯೇ ನಿಂತು ಹೊಟ್ಟೆ ಉಬ್ಬರಿಸಿ ಜೀವಕ್ಕೆ ಬರಬಹುದು. ವಾಂತಿ ನಿಲ್ಲಿಸುವ ಔಷಧವನ್ನೂ ಡಾಕ್ಟರು ಮಗುವಿನ ತೂಕ ನೋಡಿ ಬರೆಯಬೇಕು.

"ಗ್ಲೂಕೋಸ್ ಹಾಕಿಬಿಡಿ ಡಾಕ್ಟ್ರೇ" ಎಂದು ದುಂಬಾಲು ಬೀಳುವುದು. ಕುಡಿಯಬಲ್ಲ ಮಗುವಿಗೆ ಚಮಚದಲ್ಲಿ ಹೋದದ್ದೂ ಡ್ರಿಪ್‌ನಲ್ಲಿ ಹೋದಷ್ಟೇ ಕೆಲಸ ಮಾಡುತ್ತದೆ, ಸೂಜಿ ಚುಚ್ಚುವ ನೋವಿಲ್ಲದೆ. ಡ್ರಿಪ್ ಬೇಕಾಗುವುದು ತೀರಾ ನೀರಾರಿದವರಿಗೆ, ಕುಡಿದದ್ದು ನಿಲ್ಲದವರಿಗೆ. ಕುಡಿಸಿ ಸಾಕು ಎಂದು ಕಳಿಸುವ ಡಾಕ್ಟರನ್ನು "ಏನೂ ಮಾಡ್ಲಿಲ್ಲ" ಎಂದು ಬಿಟ್ಟು, ಬಂದವರಿಗೆಲ್ಲ ಬಾಟಲಿ ಏರಿಸುವವರ ಹತ್ತಿರ ಓಡುತ್ತೇವಲ್ಲ, ಆ ತಪ್ಪು ನಮ್ಮದೇ.

ಇನ್ನು ನೆತ್ತಿ. "ನೆತ್ತಿ ಒಳಗೆ ಹೋಗಿದೆ" ಎಂದು ಹಿರಿಯರು ಹರಳೆಣ್ಣೆ ಒತ್ತುತ್ತಾರೆ. ಅವರ ಕಣ್ಣು ತಪ್ಪಿಲ್ಲ. ಕೂಸಿನ ನೆತ್ತಿ ಗುಳಿ ಬೀಳುವುದು ಮೈಯ ನೀರು ಆರಿದ ಗುರುತು. ಅದು ಮೇಲೇಳುವುದು ಮಾತ್ರ ಎಣ್ಣೆಯಿಂದಲ್ಲ, ಹೊಟ್ಟೆಗೆ ಹೋದ ನೀರಿನಿಂದ. ಅಜ್ಜಿ ಹಾಗೆಂದರೆ ಜಗಳ ಆಡದೆ ಆಸ್ಪತ್ರೆಗೆ ಹೊರಡಿ.

ತಡ ಮಾಡಬಾರದ ಲಕ್ಷಣಗಳು

ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಹೋಗಿ, ಎಚ್ಚರವಿದ್ದು ಕುಡಿಯಬಲ್ಲ ಮಗುವಾದರೆ ಚಮಚದಲ್ಲಿ ಕುಡಿಸುತ್ತಲೇ:

- ಆರೆಂಟು ಗಂಟೆಯಿಂದ ಉಚ್ಚೆ ಇಲ್ಲ, ಡೈಪರ್ ಒಣಗಿದೆ
- ಕಣ್ಣು ಗುಳಿ ಬಿದ್ದಿದೆ, ಅತ್ತರೆ ಕಣ್ಣೀರಿಲ್ಲ, ಬಾಯಿ ಒಣಗಿದೆ
- ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟರೆ ನಿಧಾನವಾಗಿ ಇಳಿಯುತ್ತದೆ
- ಮಂಕಾಗಿ ಮಲಗಿದೆ, ಎಬ್ಬಿಸಿದರೆ ಏಳುವುದಿಲ್ಲ, ಕುಡಿಯುವ ಶಕ್ತಿಯೇ ಇಲ್ಲ
- ಮಲದಲ್ಲಿ ರಕ್ತ, ಅಥವಾ ಹಸಿರು ಬಣ್ಣದ ವಾಂತಿ
- ಜೋರು ಜ್ವರ ಇಳಿಯುತ್ತಿಲ್ಲ, ಫಿಟ್ಸ್ ಬಂದಿದೆ
- ಚಮಚದಲ್ಲಿ ಕೊಟ್ಟದ್ದೂ ನಾಲ್ಕೈದು ಗಂಟೆಯಿಂದ ನಿಲ್ಲುತ್ತಿಲ್ಲ

ಡೈಪರ್ ಬಗ್ಗೆ ಒಂದು ಮಾತು. ನೀರಿನಂಥ ಭೇದಿಯಲ್ಲಿ ಅದು ಉಚ್ಚೆಯೋ ಭೇದಿಯೋ ತಿಳಿಯುವುದಿಲ್ಲ. ಈ ಎರಡು ದಿನ ಹಳೆಯ ಪಂಚೆ ಬಟ್ಟೆ ಕಟ್ಟುವುದೇ ವಾಸಿ.

ಮನೆಮಂದಿಗೆಲ್ಲ ಅಂಟದಿರಲು

ರೋಟಾವೈರಸ್ ತಗುಲಿದ ಮಗುವಿನ ಒಂದು ಗ್ರಾಂ ಮಲದಲ್ಲಿ ಸಾವಿರ ಕೋಟಿಗೂ ಮೀರಿದ ವೈರಸ್ ಕಣಗಳಿರಬಹುದು; ಇನ್ನೊಂದು ಮಗುವಿಗೆ ಅಂಟಲು ನೂರರಷ್ಟೂ ಬೇಕಿಲ್ಲ. ತಂಗಿಯ ಮನೆಯಲ್ಲಿ ಪುಟ್ಟ ಚೇತರಿಸಿಕೊಂಡ ಮೂರನೇ ದಿನಕ್ಕೆ ಅವಳ ಅತ್ತೆ ಹೊಟ್ಟೆ ಹಿಡಿದುಕೊಂಡು ಮಲಗಿದರು.

ಸ್ಯಾನಿಟೈಸರ್ ನಂಬಿ ಕೂರಬೇಡಿ. ಕೊರೊನಾ ವೈರಸ್ಸಿಗೆ ಕೊಬ್ಬಿನ ಹೊದಿಕೆ ಇತ್ತು, ಆಲ್ಕೋಹಾಲ್ ಅದನ್ನು ಕರಗಿಸುತ್ತಿತ್ತು. ಈ ವೈರಸ್‌ಗಳಿಗೆ ಆ ಹೊದಿಕೆಯೇ ಇಲ್ಲ. ನೊರೋವೈರಸ್ ಮೇಲಂತೂ ಸ್ಯಾನಿಟೈಸರ್‌ನ ಆಟ ಅಷ್ಟಾಗಿ ನಡೆಯದು. ಸೋಪು ಹಚ್ಚಿ, 20 ಸೆಕೆಂಡ್ ತಿಕ್ಕಿ, ಹರಿಯುವ ನೀರಿನಲ್ಲಿ ತೊಳೆಯಿರಿ: ಕುಂಡೆ ತೊಳೆಸಿದ ಮೇಲೆ, ಡೈಪರ್ ಬದಲಿಸಿದ ಮೇಲೆ, ಅಡುಗೆಗೆ ಕೈ ಹಾಕುವ ಮುನ್ನ. ವಾಂತಿ ಬಿದ್ದ ನೆಲವನ್ನು ಮೊದಲು ಕಾಗದದಿಂದ ಒರೆಸಿ ತೆಗೆದು, ಆಮೇಲೆ ಬ್ಲೀಚ್ ದ್ರಾವಣವನ್ನು ಬಾಟಲಿ ಮೇಲಿನ ಅಳತೆಯಂತೆ ಬೆರೆಸಿ ಸಾರಿಸಿ. ಎಚ್ಚರಿಕೆ: ಬ್ಲೀಚ್ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್ ಸೇರಿಸಬೇಡಿ, ವಿಷಾನಿಲ ಏಳುತ್ತದೆ. ಭೇದಿ ನಿಂತು ಎರಡು ದಿನ ಕಳೆಯುವ ತನಕ ಅಂಗನವಾಡಿಗೋ ಪ್ಲೇಹೋಮಿಗೋ ಕಳಿಸಬೇಡಿ. ವೈರಸ್ ಅದರಾಚೆಗೂ ಮಲದಲ್ಲಿ ಹೋಗುತ್ತಿರುತ್ತದೆ, ಹಾಗಾಗಿ ಕೈ ತೊಳೆಯುವುದನ್ನು ವಾರ ಎರಡು ವಾರ ಸಡಿಲಿಸಬೇಡಿ.

ಲಸಿಕೆ

ಫಿಲ್ಟರ್ ನೀರು, ಕನ್ನಡಿಯಂಥ ನೆಲ ಇರುವ ಮನೆಯ ಮಕ್ಕಳಿಗೂ ರೋಟಾವೈರಸ್ ಬರುತ್ತದೆ. ಲಸಿಕೆ ಬರುವ ಮುಂಚೆ ಬಡದೇಶ ಶ್ರೀಮಂತ ದೇಶ ಎನ್ನದೆ ಐದು ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಒಮ್ಮೆಯಾದರೂ ತಗುಲುತ್ತಿತ್ತು. ಆದ್ದರಿಂದಲೇ ಲಸಿಕೆ ಬೇಕಾಯಿತು.

ನಮ್ಮ ದೇಶದ ಲಸಿಕೆಯ ಹಿಂದೆ ಒಂದು ಕುತೂಹಲದ ಕತೆಯಿದೆ. 1980ರ ದಶಕದಲ್ಲಿ ದೆಹಲಿಯ ಏಮ್ಸ್‌ನಲ್ಲಿ ಕೆಲವು ನವಜಾತ ಶಿಶುಗಳಿಗೆ ರೋಟಾವೈರಸ್ ತಗುಲಿದ್ದರೂ ಭೇದಿ ಆಗಿರಲಿಲ್ಲ. ಡಾ. ಎಂ.ಕೆ. ಭಾನ್ ಅದರ ಬೆನ್ನು ಹತ್ತಿದರು. ಆ ತಳಿಯ ಹೆಸರು 116ಇ. ನಮ್ಮ ಬೆಂಗಳೂರಿನ ಶಿಶುಗಳಲ್ಲೂ ಅಂಥದೇ ಇನ್ನೊಂದು ತಳಿ ಸಿಕ್ಕಿತು, ಐ321. ಅದರ ಮೇಲೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲಸ ನಡೆಯಿತು. ಎರಡನ್ನೂ ಪರೀಕ್ಷಿಸಿದಾಗ ಮುಂದೆ ಸಾಗಿದ್ದು ದೆಹಲಿಯದು. 2016ರಲ್ಲಿ ನಾಲ್ಕು ರಾಜ್ಯಗಳಲ್ಲಿ ಶುರುವಾದ ಉಚಿತ ಲಸಿಕೆ 2019ರ ಹೊತ್ತಿಗೆ ದೇಶವ್ಯಾಪಿಯಾಯಿತು.

ಚುಚ್ಚುವುದಿಲ್ಲ, ಬಾಯಿಗೆ ಹಾಕುತ್ತಾರೆ. 6, 10 ಮತ್ತು 14ನೇ ವಾರದಲ್ಲಿ, ಒಟ್ಟು ಮೂರು ಸಲ. ಮೊದಲ ಡೋಸ್ ತಪ್ಪಿದ್ದರೆ ಒಂದು ವರ್ಷದೊಳಗೆ ಹಾಕಿಸಲು ಅವಕಾಶವಿದೆ, ಆಮೇಲೆ ಇಲ್ಲ. ಇದು ತಡೆಯುವುದು ರೋಟಾವನ್ನು ಮಾತ್ರ. ಅದೂ ತೀವ್ರವಾದ ಭೇದಿಯನ್ನು ಅರ್ಧಕ್ಕಿಂತ ತುಸು ಹೆಚ್ಚು ತಗ್ಗಿಸುತ್ತದೆ. "ಲಸಿಕೆ ಹಾಕಿಸಿದ್ವಿ, ಆದ್ರೂ ಬಂತು" ಎನ್ನುವವರ ಮಗುವಿಗೆ ಬಂದದ್ದು ನೊರೋ ಇರಬಹುದು, ಅಥವಾ ಆಸ್ಪತ್ರೆ ಸೇರಿಸಬೇಕಾಗಿದ್ದ ಕಾಯಿಲೆ ಮನೆಯಲ್ಲೇ ಕಳೆದಿರಬಹುದು. ತೀರಾ ಅಪರೂಪಕ್ಕೆ ಲಸಿಕೆಯಾದ ದಿನಗಳಲ್ಲಿ ಕರುಳು ಕರುಳೊಳಗೆ ಸಿಕ್ಕಿಕೊಳ್ಳುವುದುಂಟು. ಮಗು ಕಾಲು ಮಡಚಿಕೊಂಡು ಬಿಟ್ಟು ಬಿಟ್ಟು ಚೀರಿದರೆ, ಮಲದಲ್ಲಿ ಕೆಂಪು ಲೋಳೆ ಕಂಡರೆ, ಒಂದು ಕ್ಷಣವೂ ಕಾಯಬೇಡಿ.

ಈಗ ಎದ್ದು ಎರಡು ಕೆಲಸ ಮಾಡಿ. ತಾಯಿ ಕಾರ್ಡ್ ತೆಗೆದು ಮೂರೂ ಡೋಸ್‌ಗಳ ಎದುರು ತಾರೀಕು ಬಿದ್ದಿದೆಯೇ ನೋಡಿ. ಮೆಡಿಕಲ್ ಶಾಪ್ ಬಾಗಿಲು ಹಾಕುವುದರೊಳಗೆ ನಾಲ್ಕು ಒಆರ್‌ಎಸ್ ಪೊಟ್ಟಣ ತಂದು, ಅವಧಿ ಮುಗಿಯುವ ತಿಂಗಳನ್ನು ಮೇಲೆ ದಪ್ಪಕ್ಷರದಲ್ಲಿ ಬರೆದು, ಜ್ವರದ ಸಿರಪ್ಪಿನ ಪಕ್ಕದಲ್ಲಿಡಿ.